ಮಗ್ಗದ ಶೆಡ್ಡಿನ ಎಡಗಡೆಯ ಬಾಗಿಲು

ಆ ಗುರುವಾರ ಮಧ್ಯಾಹ್ನದ ಊಟದ ಹೊತ್ತಿಗೆ ನನ್ನ ಶೆಡ್ಡಿನಲ್ಲಿ ಒಂಬತ್ತು ಜನ ಸತ್ತಿದ್ದರು. ಒಂಬತ್ತೂ ಜನ ಸತ್ತದ್ದು ಒಂದೇ ಜಾಗದಲ್ಲಿ, ಹಿಂದಿನ ಗೋಡೆಗೆ ಮೂಗು ಹಚ್ಚಿ ನಿಂತು. ಆಮೇಲೆ ಕಂಟ್ರೋಲರನ್ನು ಮೇಜಿನ ಮೇಲಿಟ್ಟು, ಚಹಾ ಕುಡಿದು, "ಗೇಮ್ ಛಲೋ ಐತ್ರಿ" ಎಂದು ಹೇಳಿ ಮನೆಗೆ ಹೋದರು.

ಅದು ಶುಕ್ರವಾರ ಎಂದು ನನ್ನ ನೆನಪು. ದಿನಚರಿ ಗುರುವಾರ ಎನ್ನುತ್ತದೆ. ಇಂಥಲ್ಲಿ ನಾನು ದಿನಚರಿಯ ಮಾತು ಕೇಳುತ್ತೇನೆ. ಕಟ್ಟಡ ವಿನ್ಯಾಸ ಓದುತ್ತಿದ್ದಾಗ ಹಳೆಯ ವಾಡೆ ಮನೆಗಳನ್ನು ಅಳೆಯಲು ಹೋಗುತ್ತಿದ್ದೆವು. ಪುಸ್ತಕದ ಎಡಪುಟದಲ್ಲಿ ಟೇಪು ತೋರಿಸಿದ್ದನ್ನು ಬರೆಯಬೇಕು, ಬಲಪುಟದಲ್ಲಿ ನಮಗೆ ಅನಿಸಿದ್ದನ್ನು; ಎರಡನ್ನೂ ಕಲಸಿದರೆ ಅಂಕ ಇಲ್ಲ ಎನ್ನುತ್ತಿದ್ದರು ನಮ್ಮ ಸರ್. ಓದು ಮುಗಿದರೂ ಆ ರೂಢಿ ದಿನಚರಿಯಲ್ಲಿ ಉಳಿಯಿತು. ಎಡಪುಟದಲ್ಲಿ ಕಂಡದ್ದು, ಬೇರೆಯವರು ಆಡಿದ ಮಾತು. ಬಲಪುಟದಲ್ಲಿ ನನ್ನ ತಲೆಯಲ್ಲಿ ಹುಟ್ಟಿದ್ದು. ಆ ಒಂಬತ್ತು ದಿನಗಳ ಪುಟಗಳನ್ನು ಎದುರಿಗಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಕೊಲ್ಹಾಪುರದ ಉದ್ಯಮನಗರದಲ್ಲಿ ಒಂದು ಲೇಥ್ ವರ್ಕ್‌ಶಾಪಿನ ಮೇಲೆ ನಮ್ಮ ಎರಡು ಕೋಣೆಯ ಸ್ಟುಡಿಯೊ ಇದೆ. ನಾವು ಅಂಜಿಸುವ ಗೇಮ್ ಮಾಡುತ್ತೇವೆ. ಮೇಣದಬತ್ತಿ ಹಚ್ಚಿಕೊಂಡು ಕತ್ತಲಲ್ಲಿ ಕೂತಿರುತ್ತೇವೆ ಎಂದು ಜನ ಅಂದುಕೊಂಡಿದ್ದಾರೆ. ನಮ್ಮ ಭಯ ತಯಾರಾಗುವುದು ಬೆಳಿಗ್ಗೆ ಹತ್ತರಿಂದ ಸಂಜೆ ಆರರೊಳಗೆ, ಮಿಸಳ್ ತಿಂದ ಹೊಟ್ಟೆಯ ಮೇಲೆ, ಕಿಟಕಿಗೆ ಹಳೆಯ ಚಾದರ ಕಟ್ಟಿಕೊಂಡು. ಕೆಳಗೆ ಲೇಥ್ ಶುರುವಾದರೆ ನಮ್ಮ ನೆಲ ಸಣ್ಣಗೆ ನಡುಗುತ್ತದೆ. ಆಡಲು ಬಂದವರು ಅದನ್ನೂ ಗೇಮಿನದೇ ಕರಾಮತ್ತು ಎಂದು ಭಾವಿಸಿ ಮೆಚ್ಚುತ್ತಾರೆ. ನಾವು ಅಲ್ಲ ಎನ್ನುವುದಿಲ್ಲ.

ಸ್ಟುಡಿಯೊ ನಡೆಸುವವರು ಜಯಸಿಂಗಪುರದ ವ್ಯಾಪಾರಿ ಮನೆತನದವರು. ಗೇಮಿನ ಕೋಡ್ ಬರೆಯುವವರೂ ಅವರೇ. ನಾವು ಅವರನ್ನು ಅಣ್ಣಾ ಎನ್ನುತ್ತೇವೆ. ಧ್ವನಿಯ ಕೆಲಸಕ್ಕೆ ಕೊಲ್ಹಾಪುರದವನೇ ಒಬ್ಬನಿದ್ದಾನೆ; ಸಿಟ್ಟು, ಸಂತೋಷ ಎರಡೂ ಅವನಿಗೆ ಮರಾಠಿಯಲ್ಲೇ ಬರುತ್ತವೆ. ನಾನು ಲೆವೆಲ್ ಮಾಡುವವಳು. ಎಂದರೆ ಆಡುವವರು ಎಲ್ಲಿಂದ ಬರಬೇಕು, ಎಲ್ಲಿ ಏನನ್ನು ಕಾಣಬೇಕು, ಎಲ್ಲಿ ಉಸಿರು ಬಿಗಿಹಿಡಿಯಬೇಕು, ಯಾವ ಬಾಗಿಲಿನಿಂದ ಪಾರಾಗಬೇಕು, ಇದನ್ನೆಲ್ಲ ಕಟ್ಟುವವಳು.

ನಾಲ್ಕು ತಿಂಗಳಿಂದ ನಾನು ಕಟ್ಟಿದ್ದು ಒಂದು ಮಗ್ಗದ ಶೆಡ್ಡು. ಇಚಲಕರಂಜಿಯ ನಿಜವಾದ ಶೆಡ್ಡೊಂದನ್ನು ಟೇಪು ಹಿಡಿದು ಅಳೆದು ತಂದಿದ್ದೆ. ಇಪ್ಪತ್ತನಾಲ್ಕು ವಿದ್ಯುತ್ ಮಗ್ಗ, ನಾಲ್ಕು ಸಾಲು. ಸಾಲುಗಳ ನಡುವಿನ ಓಣಿ ಅಲ್ಲಿ ಎರಡು ಅಡಿ. ಗೇಮಿನಲ್ಲಿ ಕ್ಯಾಮೆರಾ ಆಡುವವರ ಭುಜದ ಹಿಂದೆ ಬರಬೇಕಾದ್ದರಿಂದ ನಾಲ್ಕು ಅಡಿ ಮಾಡಬೇಕಾಯಿತು. ಆಡುವವರು ನಡೆಸುವ ಪಾತ್ರ ಒಬ್ಬ ಮಗ್ಗದ ಹೆಂಗಸು. ಅವಳ ಕೈಯಲ್ಲಿ ಆಯುಧವಿಲ್ಲ, ಸೆಲ್ಲು ಮುಗಿಯುತ್ತ ಬಂದ ಒಂದು ಬ್ಯಾಟರಿ ಮಾತ್ರ. ಅವಳ ಹಿಂದೆ ಬೀಳುವುದು ಮುಖವಿಲ್ಲದ ಒಬ್ಬ ಎತ್ತರದ ಮನುಷ್ಯ, ಕೈಯಲ್ಲಿ ಕೀಲಿಗೊಂಚಲು. ಕೆಲಸಗಾರರ ಮೇಲೆ ನಿಗಾ ಇಡುವವನ ಹೆಸರನ್ನೇ ಅವನಿಗೂ ಇಟ್ಟಿದ್ದೆವು, ಮುಕಾದಮ.

ಶೆಡ್ಡಿನ ಮಧ್ಯದಲ್ಲಿ, ಎಡಗೋಡೆಯಲ್ಲಿ, ಒಂದು ಸಣ್ಣ ಬಾಗಿಲು. ಅದರಾಚೆ ನೂಲಿನ ಗೋದಾಮು. ನನ್ನ ಶ್ರಮವೆಲ್ಲ ಆ ಗೋದಾಮಿನಲ್ಲಿತ್ತು. ಛಾವಣಿಯವರೆಗೆ ನೂಲಿನ ಕೋನುಗಳ ರಾಶಿ, ನಡುವೆ ಒಬ್ಬರೇ ನುಸುಳಬಹುದಾದ ಸಂದಿ, ಹಿಂದೆ ಮುರುಕು ಏಣಿ, ಅದರ ಮೇಲೆ ಪಾರಾಗುವ ಕಿಟಕಿ. ಇಷ್ಟನ್ನೂ ಒಬ್ಬರಾದರೂ ನೋಡಬೇಕಲ್ಲ? ಮುಕಾದಮ ಬೆನ್ನ ಹಿಂದೆ ಬಂದದ್ದೇ ತಡ, ಎಲ್ಲರೂ ಓಣಿಯಲ್ಲಿ ನೆಟ್ಟಗೆ ಓಡಿ ಹಿಂದಿನ ಗೋಡೆಗೆ ಬಡಿದುಕೊಂಡರು. ಯಾರು ಎಲ್ಲಿ ಸತ್ತರು ಎಂಬುದನ್ನು ಗೇಮ್ ತಾನೇ ನಕ್ಷೆಯ ಮೇಲೆ ಕೆಂಪು ಚುಕ್ಕೆಯಾಗಿ ಗುರುತು ಮಾಡುತ್ತದೆ. ಒಂಬತ್ತು ಚುಕ್ಕೆ ಒಂದರ ಮೇಲೊಂದು ಬಿದ್ದು ಹಣೆಯ ಕುಂಕುಮದ ಹಾಗೆ ಕಾಣುತ್ತಿದ್ದವು.

ಅಣ್ಣಾ ನಕ್ಷೆ ನೋಡಿದರು.

"ಮೊದಲನೇ ಸಲ ಸತ್ತಾಗ ಅಂಜಿದ್ರು. ಎರಡನೇ ಸಲ ನಕ್ಕರು. ಮೂರನೇ ಸಲ ಆಕಳಿಸಿದ್ರು. ನೋಡಿದಿಲ್ಲೊ?"

"ನೋಡಿದೆ ಅಣ್ಣಾ."

"ಮುಂದಿನ ವಾರ ಶುಕ್ರವಾರ ಹೊಸಾ ಮಂದೀನ್ನ ಕರಸ್ತೇನಿ. ಅವರೂ ಗೋದಾಮ ಮುಟ್ಟಲಿಲ್ಲಂದ್ರ ಶೆಡ್ ತಗದ ಬಿಡೂಣವಾ. ಬಾವೀದೊಂದು, ದವಾಖಾನಿದೊಂದು, ಎರಡು ಲೆವೆಲ್ ಸಾಕು ಈ ಗೇಮಿಗೆ."

ಅವರು ಬೈಯಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು.

ಶುಕ್ರವಾರ, ಶನಿವಾರ ಎರಡು ದಿನ ನಾನು ಮಾಡಿದ್ದೆಲ್ಲ ಎಡಪುಟದಲ್ಲಿದೆ, ಓದಿದರೆ ನಗು ಬರುತ್ತದೆ. ಬಾಗಿಲ ಮೇಲೆ ಒಂದು ದೀಪ ಇಟ್ಟೆ. ದೀಪವನ್ನು ದೊಡ್ಡದು ಮಾಡಿದೆ. ಬಾಗಿಲಿಗೆ ಕೆಂಪು ಬಣ್ಣ ಬಳಿದೆ. 'ಗೋದಾಮು' ಎಂಬ ಫಲಕ ಹಾಕಿ ಬಾಣದ ಗುರುತು ಬರೆದೆ. ಶನಿವಾರ ಸಂಜೆಯ ಹೊತ್ತಿಗೆ ಆ ಬಾಗಿಲು ಮದುವೆ ಮನೆಯ ಬಾಗಿಲಾಗಿತ್ತು, ತೋರಣವೊಂದು ಬಾಕಿ. ಕೆಳಗಿನ ಲೇಥ್ ಮಿಸ್ತ್ರಿಯನ್ನು ಕೈ ಒರೆಸಿಕೊಂಡು ಮೇಲೆ ಬರಲು ಹೇಳಿ ಆಡಿಸಿದೆ. ಅವನು ಆ ದೀಪ, ಆ ಬಣ್ಣ, ಆ ಬಾಣ ಎಲ್ಲವನ್ನೂ ದಾಟಿ ಓಡಿ ಅದೇ ಗೋಡೆಗೆ ಹೋಗಿ ಸತ್ತ.

"ಬಾಗಿಲಾ ಕಾಣ್ಲಿಲ್ಲೇನ್ರಿ?" ಎಂದೆ.

"ಯಾವ ಬಾಗಿಲಾ?"

"ಎಡಕ್ಕಿತ್ತಲ್ರಿ, ಕೆಂಪಂದು."

"ಅಲ್ರೀ ಅಕ್ಕಾರ, ಹಿಂದ ಅಂವಾ ಕೀಲಿ ಝಣಝಣ ಮಾಡ್ಕೋತ ಬರಾಕತ್ತಾನ, ನಾ ಏನ್ ಮನಿ ಬಾಡಗಿಗಿ ನೋಡಾಕ ಬಂದೇನಿ, ಬಾಗಿಲಾ ಕಿಡಕಿ ಎಣಸಾಕ?"

ಧ್ವನಿಯವನು ಹೆಡ್‌ಫೋನಿನೊಳಗಿಂದಲೇ ನಕ್ಕ. ನಾನೂ ನಕ್ಕೆ. ಆದರೆ ಶೆಡ್ಡು ಹೋಗುತ್ತದೆ ಎಂದು ಅಂದೇ ನನಗೆ ಖಾತ್ರಿಯಾಗಿತ್ತು. ಬಲಪುಟದಲ್ಲಿ ಒಂದೇ ಸಾಲಿದೆ: 'ನಾನು ಕಟ್ಟಬಲ್ಲೆ, ನಡೆಸಲಾರೆ.'

ರವಿವಾರ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಗಡಹಿಂಗ್ಲಜದ ಬಸ್ಸು ಹತ್ತಿದೆ. ಊರು ಅಲ್ಲಿಂದ ಒಂದಿಷ್ಟು ದೂರ. ನನ್ನ ಸೋದರಮಾವ ಕುರಿ ಸಾಕುತ್ತಾರೆ. ಆಗ ಅವರ ಹಿಂಡು ಊರ ಹೊರಗೆ ಒಬ್ಬರ ಸೋಯಾಬೀನ್ ಹೊಲದಲ್ಲಿ ಬೀಡುಬಿಟ್ಟಿತ್ತು. ರಾಶಿ ಮುಗಿದ ಹೊಲದಲ್ಲಿ ನಾಲ್ಕು ದಿನ ಕುರಿ ಕೂಡಿಸಿದರೆ ಹೊಲಕ್ಕೆ ಗೊಬ್ಬರ, ಕುರಿಗೆ ಮೇವು. ಅವ್ವ ಕಟ್ಟಿಕೊಟ್ಟ ರೊಟ್ಟಿ ಗಂಟು ಹಿಡಿದು ನಾಲ್ಕು ಗಂಟೆಗೆ ಹೊಲ ಮುಟ್ಟಿದೆ.

ಮಾಮಾ ರೊಟ್ಟಿ ತಿನ್ನುವಾಗ ಲ್ಯಾಪ್‌ಟಾಪನ್ನು ಮಡಚಿದ ಕಂಬಳಿಯ ಮೇಲಿಟ್ಟು ತೋರಿಸಿದೆ. ಅವರ ಮೆಚ್ಚುಗೆ ಬೇಕಾಗಿತ್ತೋ, ಸುಮ್ಮನೆ ಯಾರಿಗಾದರೂ ದುಃಖ ಹೇಳಿಕೊಳ್ಳಬೇಕಾಗಿತ್ತೋ, ಈಗ ತಿಳಿಯದು. ನಾನೇ ಆಡಿದೆ. ಮುಕಾದಮ ಬಂದ. ಒಂಬತ್ತು ಜನ ಓಡಿದ ಹಾಗೆಯೇ ಓಡಿ, ಅವರು ಸತ್ತಲ್ಲಿಯೇ ಸತ್ತು ತೋರಿಸಿದೆ.

"ಇಂವ ಯಾರು?"

"ಭೂತ, ಮಾಮಾ."

"ಆಕೀನ್ನ ಎಲ್ಲಿಗಿ ಹೊಡಕೊಂಡ ಹೊಂಟಾನು?"

"ಆ ಎಡಗಡೆ ಬಾಗಲದಾಗ ಹೋಗಬೇಕು ಆಕಿ. ಯಾರೂ ಹೋಗವಲ್ರು."

ಮಾಮಾ ಕೈ ತೊಳೆದು, ಮೀಸೆ ಒರೆಸಿಕೊಂಡು, ಪರದೆಯನ್ನು ಇನ್ನೊಮ್ಮೆ ನೋಡಿದರು.

"ನಿನ್ನ ಭೂತಕ್ಕ ಕುರಿ ಹೊಡ್ಯಾಕ ಬರೂದಿಲ್ಲ," ಎಂದರು. "ಏಳು. ಹೊತ್ತ ಮುಳಗೂದ್ರಾಗ ಇವನ್ನ ದೊಡ್ಡ್ಯಾಗ ಹಾಕಬೇಕು. ಇವತ್ತ ನೀನ ಹಾಕು."

ಹೊಲದ ಒಂದು ಮೂಲೆಯಲ್ಲಿ ಗೂಟ ನೆಟ್ಟು, ಸುತ್ತ ನೈಲಾನ್ ಬಲೆ ಕಟ್ಟಿ ದೊಡ್ಡಿ ಮಾಡಿದ್ದರು. ಬಲೆಯ ಒಂದು ಕಡೆ ಎರಡು ಮಾರು ಅಗಲದ ಬಾಯಿ. ನಾನು ಕುರಿ ಕಾಯುವವರ ಮನೆಯಲ್ಲಿ ಬೆಳೆದವಳು. ಆದರೆ ಹಾಸ್ಟೆಲ್ಲು, ಕಾಲೇಜು, ಕೊಲ್ಹಾಪುರ ಎಂದು ಹದಿನಾಲ್ಕು ವರ್ಷ ಹಿಂಡಿನ ಧೂಳು ಕುಡಿದಿಲ್ಲ. ಹಿಂಡಿನ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿ, ಹೋ ಹೋ ಎಂದು ಕೂಗಿದೆ.

ಕುರಿಗಳು ನೆಟ್ಟಗೆ ಓಡಿದವು. ದೊಡ್ಡಿಯ ಬಾಯಿ ಎಡಕ್ಕಿತ್ತು. ಅವು ಅದನ್ನು ದಾಟಿ ಓಡಿ ಬದುವಿಗೆ ಹೋಗಿ ಮುಗ್ಗರಿಸಿದವು. ಅಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತು, ಎಲ್ಲವೂ ತಿರುಗಿ ನನ್ನನ್ನೇ ನೋಡಿದವು. ನಾನು ಇನ್ನೂ ಜೋರಾಗಿ ಕೂಗಿದೆ. ಹಿಂಡು ಎರಡಾಗಿ ಸೀಳಿ ನನ್ನ ಎರಡೂ ಪಕ್ಕದಿಂದ ಹರಿದುಹೋಯಿತು. ಎರಡು ಕುರಿ ಪಕ್ಕದ ಕಬ್ಬಿನೊಳಗೆ ನುಗ್ಗಿದವು.

ಮಾಮಾ ಬದುವಿನ ಮೇಲೆ ಕೂತು ನಕ್ಕರು. ಕೆಮ್ಮು ಬರುವವರೆಗೆ ನಕ್ಕರು. ಆಮೇಲೆ ಎದ್ದು ಕಬ್ಬಿನಿಂದ ಆ ಎರಡನ್ನು ತಂದು ಹಿಂಡಿಗೆ ಸೇರಿಸಿ, ನನ್ನ ಮೊಣಕೈ ಹಿಡಿದು ಎಳೆದುಕೊಂಡು ಹೋಗಿ ಹಿಂಡಿನ ಬಲಗಡೆ, ಮುಂದಿನ ಕುರಿಗಳ ಭುಜಕ್ಕೆ ಸರಿಯಾಗಿ ನಿಲ್ಲಿಸಿದರು. ಕೂಗಬೇಡ ಎಂಬಂತೆ ಬಾಯಿಗೆ ಬೆರಳಿಟ್ಟರು. ಹಿಂಡಿನಲ್ಲಿ ಒಂದು ಮುದಿ ಮೇಕೆ, ಕೊರಳಲ್ಲಿ ಹಿತ್ತಾಳೆ ಗಂಟೆ. ಮಾಮಾ ಅದಕ್ಕೆ, ಹಿಂಡು ಕರೆಯುವಾಗಿನಂತೆ, ಗಂಟಲಿನಿಂದ ಒಂದು ಸದ್ದು ಮಾಡಿದರು. ಅದು ಗಂಟೆ ಅಲ್ಲಾಡಿಸುತ್ತ ಮನೆಗೆ ಹೋಗುವ ಹೆಂಗಸಿನ ಹಾಗೆ ನಿಧಾನಕ್ಕೆ ನಡೆದು ದೊಡ್ಡಿಯ ಬಾಯಿಯೊಳಗೆ ಹೋಯಿತು. ಹತ್ತಿರದ ಕುರಿ ಒಮ್ಮೆ ನನ್ನ ಕಡೆ ನೋಡಿತು. ನಾನು ಒಂದು ಹೆಜ್ಜೆ ಮುಂದಿಟ್ಟೆ, ಅಷ್ಟೆ. ಅದು ಎಡಕ್ಕೆ ತಿರುಗಿ ಗಂಟೆಯ ಹಿಂದೆ ಹೋಯಿತು. ಅದರ ಹಿಂದೆ ಇನ್ನೊಂದು. ಆಮೇಲೆ ಇಡೀ ಹಿಂಡು, ಚೀಲದಿಂದ ಜೋಳ ಸುರಿದ ಹಾಗೆ.

ಸೂರ್ಯ ಕಬ್ಬಿನ ತುದಿಯ ಮೇಲಿದ್ದ. ಮಾಮಾ ನನಗೆ ಬೆನ್ನು ಹಾಕಿ ಬಲೆಯ ಹಗ್ಗ ಬಿಗಿಯುತ್ತ, "ಒಂದ ಬಾಜೂ ತೆರದ ಬಿಡಬೇಕವಾ. ದಾರಿ ತಾನ ಹುಡಕೇನಿ ಅಂತ ಅನಸಬೇಕು ಅದಕ್ಕ," ಎಂದರು. ಈ ಚಿತ್ರ ನನಗೆ ನಿಚ್ಚಳವಾಗಿ ನೆನಪಿದೆ. ಹಗ್ಗದ ಗಂಟು ಕೂಡ.

ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ದಿನಚರಿ ಬರೆದು, ಹತ್ತು ಗಂಟೆಗೆ ಅಣ್ಣಾನ ಮುಂದೆ ನಿಂತೆ.

"ಮುಕಾದಮನ್ನ ಬೆನ್ನ ಹಿಂದಿಂದ ತಗೀತೇನಿ."

"ತಗದು?"

"ಬಲಗಡೆ ನಿಂದರಸ್ತೇನಿ. ಅಂವಾ ಓಡೂದಿಲ್ಲ. ಬರೇ ಒಂದೊಂದ ಹೆಜ್ಜಿ."

ಕಾಗದದ ಮೇಲೆ ಬರೆದು ತೋರಿಸಿದೆ. ಭಯ ಬೆನ್ನ ಹಿಂದಿದ್ದರೆ ಆಡುವವರ ಕ್ಯಾಮೆರಾ ನೇರ ಮುಂದಕ್ಕೇ ನೆಟ್ಟಿರುತ್ತದೆ. ಎಡಗೋಡೆ ಆ ನೋಟದೊಳಗೆ ಬರುವುದೇ ಇಲ್ಲ. ಅಲ್ಲಿ ಸೂರ್ಯನನ್ನೇ ತಂದು ಕಟ್ಟಿದರೂ ಕಾಣದು. ಭಯ ಬಲಕ್ಕಿದ್ದರೆ ಅವರು ಅದರಿಂದ ಮುಖ ತಿರುಗಿಸುತ್ತಾರೆ. ಮುಖ ತಿರುಗಿಸಿದರೆ ಕಾಣುವುದು ಎಡಗೋಡೆ. ಬಾಗಿಲು ಅಲ್ಲಿರುತ್ತದೆ. ದೀಪ, ಬಣ್ಣ, ಬಾಣ ಒಂದೂ ಬೇಡ.

"ಇಷ್ಟ ದಿವಸ ಯಾಕ ತಿಳೀಲಿಲ್ಲ ಇದು?" ಎಂದರು ಅಣ್ಣಾ. ಅವರು ತಮ್ಮನ್ನೇ ಕೇಳಿಕೊಂಡಂತಿತ್ತು.

"ಇನ್ನೊಂದೈತಿ. ಒಂದು ಮ್ಯಾಕಿ ಬೇಕು."

"ಏನ ಬೇಕು?"

"ಮ್ಯಾಕಿ. ಕೊರಳಾಗ ಗಂಟಿ. ಮುಂದ ಮುಂದ ಹೋಗಾಕ. ಇಚಲಕರಂಜ್ಯಾಗ ಮಗ್ಗದ ಓಣ್ಯಾಗ ಮ್ಯಾಕಿ ಅಡ್ಡ್ಯಾಡೂದಿಲ್ಲೇನು?"

"ಅಂಜಸೂ ಗೇಮಿನ್ಯಾಗ ಮ್ಯಾಕಿ! ಮಂದಿ ನಗತಾರವಾ."

"ನಗಲಿ. ನಗಕೋತ ಬಾಗಲಾ ದಾಟಿದ್ರ ಸಾಕು."

ಧ್ವನಿಯವನು ಹೆಡ್‌ಫೋನು ಕಿತ್ತು ಎದ್ದು ನಿಂತ. "ಘಂಟಾ! ಘಂಟಾ ಮೀ ದೇತೋ!" ಎಂದ. ಗಂಟೆಯ ಸದ್ದು ತನ್ನದೇ ಎಂದು ಅಲ್ಲೇ ಹಕ್ಕು ಸಾಧಿಸಿದ. ಮಾಮಾಗೆ ಫೋನು ಹಚ್ಚಿ ಮೇಕೆಯ ಕೊರಳಿನ ಹತ್ತಿರ ಹಿಡಿಯಲು ಹೇಳಿದೆವು. ಮೊದಲ ಸಲ ಬಂದದ್ದು ಬರೀ ಮೆಲುಕು ಹಾಕುವ ಸದ್ದು. ಎರಡನೆಯ ಸಲ ಗಂಟೆ ಬಂತು, ಜೊತೆಗೆ ಮಾಮಾ, "ಇನ್ನ ಎಟ್ಟ ಹೊತ್ತ ಹಿಡೀಲ್ಯೊ, ಒದೀತೈತಿ ಇದು," ಎಂದದ್ದೂ ಬಂತು. ಅದನ್ನು ಕತ್ತರಿಸಿ ಗಂಟೆಯನ್ನಷ್ಟೇ ಇಟ್ಟುಕೊಂಡೆವು.

ಮುಕಾದಮ ಓಡಿಸದೆ ಬಲಗಡೆಯಿಂದ ಒತ್ತುತ್ತಿದ್ದಾನೆ ಎಂಬುದು ತಿಳಿಯಬೇಕಲ್ಲ, ಅದಕ್ಕೊಂದು ಉಪಾಯ ಬೇಕಾಗಿತ್ತು. ಇಡೀ ಶೆಡ್ಡು ಗಡಗಡ ನಡೆಯುತ್ತಿರುತ್ತದೆ. ಬಲಗಡೆಯ ಸಾಲಿನಲ್ಲಿ ಒಂದು ಮಗ್ಗ ನಿಲ್ಲುತ್ತದೆ. ಆಮೇಲೆ ಅದರ ಮುಂದಿನದು. ಆಮೇಲೆ ಇನ್ನೊಂದು. ಅವನು ಎಲ್ಲಿದ್ದಾನೆ ಎಂಬುದನ್ನು ಆ ಮೌನ ಹೇಳುತ್ತದೆ. ಆದರೆ ನಾವು ಹಿಂದೆ ಧ್ವನಿಮುದ್ರಿಸಿ ತಂದದ್ದೆಲ್ಲ ನಡೆಯುವ ಮಗ್ಗದ್ದು. ನಿಲ್ಲುವ ಮಗ್ಗದ್ದು ಒಂದೂ ಇರಲಿಲ್ಲ. ನಾಲ್ಕು ತಿಂಗಳ ಹಿಂದೆ ಅದು ಬೇಕಾದೀತು ಎಂದು ಯಾರಿಗೂ ಹೊಳೆದಿರಲಿಲ್ಲ.

ಮಂಗಳವಾರ ನಾನೂ ಧ್ವನಿಯವನೂ ಇಚಲಕರಂಜಿಗೆ ಹೋದೆವು. ನಾನು ಹಿಂದೆ ಅಳೆದಿದ್ದ ಶೆಡ್ಡೇ. ಅಲ್ಲಿ ಆರು ಮಗ್ಗ ನೋಡಿಕೊಳ್ಳುವ ಹಿರಿಯ ಕೆಲಸಗಾರರೊಬ್ಬರು ಬೆಳಗಾವಿ ಕಡೆಯವರು. ಮಾತಿಗೆ ಕಿವಿಯ ಹತ್ತಿರ ಬಂದು ಕೂಗಬೇಕು. ಮಗ್ಗ ನಿಂತ ಸದ್ದು ಬೇಕು ಎಂದೆ.

"ಮಂದಿ ಮಗ್ಗ ನಡೀಲಿ ಅಂತಾರ, ನೀವು ನಿಂದರಲಿ ಅಂತೀರಿ!"

ಧ್ವನಿಯವನು ಶೆಡ್ಡಿನ ಮಾಲೀಕರ ಒಪ್ಪಿಗೆ ಪಡೆದು, ಆ ಹಿರಿಯರ ಬೆನ್ನ ಹಿಂದೆ ಹೋಗಿ, ಒಂದು ಮಗ್ಗದ ಹಿಡಿಯನ್ನು ಸದ್ದಿಲ್ಲದೆ ಸರಿಸಿದ. ಲಾಳಿ ನಿಂತಿತು. ಉಳಿದ ಮಗ್ಗಗಳ ಆ ಆರ್ಭಟದ ನಡುವೆ ನನಗೆ ಏನೂ ವ್ಯತ್ಯಾಸ ಕೇಳಿಸಲಿಲ್ಲ. ಹಿರಿಯರು ನನ್ನೊಡನೆ ಮಾತಾಡುತ್ತಿದ್ದವರು ಹಾಗೆಯೇ, ತಿರುಗಿಯೂ ನೋಡದೆ, ಹೆಬ್ಬೆರಳನ್ನು ಬೆನ್ನ ಹಿಂದೆ ಚಾಚಿ ಸರಿಯಾಗಿ ಅದೇ ಮಗ್ಗ ತೋರಿಸಿದರು. ಮೂರು ಸಲ ಬೇರೆ ಬೇರೆ ಮಗ್ಗ ನಿಲ್ಲಿಸಿದೆವು. ಮೂರೂ ಸಲ ಸರಿ.

"ಹೆಂಗ ಕೇಳಸ್ತೈತ್ರಿ ನಿಮಗ?"

"ಕೇಳಸೂದಿಲ್ರಿ. ಬೆನ್ನಿಗೆ ತಣ್ಣಗ ಆಗತೈತಿ ಆ ಬಾಜೂ." ಆಮೇಲೆ ಕೇಳಿದರು, "ಎದಕ್ಕ ಬೇಕ್ರಿ ಇದೆಲ್ಲ?"

"ಮಗ್ಗ ನಡಸೂ ಹೆಣಮಗಳ ಹಂತ್ಯಾಕ ಭೂತ ಬಂದಾಗ ಮಗ್ಗ ನಿಂದರತಾವ್ರಿ, ನಮ್ಮ ಗೇಮಿನ್ಯಾಗ."

"ಭೂತ ಅಲ್ರಿ ಅದು, ಲೈಟ್ ಹೋಗಿರತೈತಿ. ಮೊದಲ ಫೀಜ್ ನೋಡಂತ ಹೇಳ್ರಿ ಆಕೀಗಿ."

ಧ್ವನಿಯವನು ಆ 'ತಣ್ಣಗ' ಎಂಬ ಮಾತು ಹಿಡಿದುಕೊಂಡು ಬಸ್ಸಿನುದ್ದಕ್ಕೂ ಯೋಚಿಸಿದ. ಸ್ಟುಡಿಯೊಗೆ ಬಂದವನೇ, ಮಗ್ಗ ನಿಂತಾಗ ಯಾವ ಹೊಸ ಸದ್ದನ್ನೂ ಸೇರಿಸದೆ, ಆ ಬದಿಯ ಕಿವಿಯಿಂದ ಒಂದು ಪದರ ಸದ್ದನ್ನು ಮೆಲ್ಲಗೆ ತೆಗೆದುಬಿಟ್ಟ. ಹೆಡ್‌ಫೋನು ಹಾಕಿಕೊಂಡು ಕೇಳಿದಾಗ ನನ್ನ ಬಲಗೆನ್ನೆಗೆ ಗಾಳಿ ತಾಗಿದಂತಾಯಿತು. ಎಡಪುಟದಲ್ಲಿ ಬರೆದಿದ್ದೇನೆ: 'ಗಾಳಿ ಇರಲಿಲ್ಲ. ಫ್ಯಾನು ಬಂದ್ ಇತ್ತು.'

ಬುಧವಾರ ಮೇಕೆಯ ದಿನ. ನನ್ನ ಕೆಲಸದ ಬದುಕಿನಲ್ಲಿ ಅಷ್ಟು ನಕ್ಕ ದಿನ ಇನ್ನೊಂದಿಲ್ಲ, ಅಷ್ಟು ಅಂಜಿದ ದಿನವೂ ಇಲ್ಲ, ಏಕೆಂದರೆ ಎರಡೇ ದಿನ ಉಳಿದಿದ್ದವು. ದಾರಿಯನ್ನು ತಾನೇ ಹುಡುಕಿಕೊಂಡು ನಡೆಯಲಿ ಎಂದು ಬಿಟ್ಟರೆ ಮೇಕೆ ಮೊದಲ ಮಗ್ಗದೊಳಗೆ ಹೊಕ್ಕು, ಕೊಂಬು ಮಾತ್ರ ಹೊರಗೆ ಬಿಟ್ಟು ನಿಂತಿತು. ಅದನ್ನು ಸರಿಮಾಡಿದರೆ ಗೋಡೆಗೆ ಹಣೆ ಹಚ್ಚಿ ನಿಂತಲ್ಲೇ ನಡೆಯತೊಡಗಿತು. ಮಧ್ಯಾಹ್ನ ಒಮ್ಮೆ ಬಾಗಿಲವರೆಗೆ ಸರಿಯಾಗಿ ಹೋಗಿ, ಹೊಸ್ತಿಲ ಮೇಲೆ ನಿಂತು, ನೆಲದೊಳಗೆ ಇಳಿದು ಮಾಯವಾಯಿತು. ಗಂಟೆಯ ಸದ್ದು ಪಾತಾಳದಿಂದ ಬರುತ್ತಿತ್ತು.

"ಹೋತು," ಎಂದರು ಅಣ್ಣಾ. "ಮ್ಯಾಕಿನೂ ಹೋತು, ಶೆಡ್ಡೂ ಹೋತು."

ಕೊನೆಗೆ ಅದರ ಬುದ್ಧಿಯನ್ನೆಲ್ಲ ತೆಗೆದುಹಾಕಿದೆವು. ನಾನು ಕೈಯಿಂದಲೇ ನೆಲದ ಮೇಲೆ ಏಳು ಗುರುತು ಇಟ್ಟೆ; ಮೇಕೆ ಗುರುತಿನಿಂದ ಗುರುತಿಗೆ ಹೋಗಬೇಕು, ಮಗ್ಗದ ಹೆಂಗಸು ಮೂರು ಹೆಜ್ಜೆಯಷ್ಟು ಹತ್ತಿರ ಬರುವವರೆಗೆ ನಿಲ್ಲಬೇಕು, ಅವಳು ಬೇರೆ ಕಡೆ ತಿರುಗಿದರೆ ತಲೆ ಅಲ್ಲಾಡಿಸಿ ಗಂಟೆ ಬಾರಿಸಬೇಕು. ಮಾಮಾನ ಮುದಿ ಮೇಕೆಯೂ ಇಷ್ಟೇ ಮಾಡಿದ್ದು. ಐದೂವರೆಗೆ ಅದು ಗೋದಾಮಿನೊಳಗೆ ಹೋಗಿ, ನೂಲಿನ ರಾಶಿಯ ಪಕ್ಕ ನಿಂತು ನಮ್ಮತ್ತ ತಿರುಗಿತು. ಮೂವರೂ ಚಪ್ಪಾಳೆ ಹೊಡೆದೆವು. ಕೆಳಗಿನ ಮಿಸ್ತ್ರಿ ಏನಾಯಿತು ಎಂದು ಜಿನೆಯ ಮೆಟ್ಟಿಲು ಹತ್ತಿ ಬಂದು ನೋಡಿ ಹೋದ.

ಗುರುವಾರ ಒಂದು ತಪ್ಪು ನಡೆಯಿತು. ಯಾರ ತಪ್ಪು ಎಂಬುದರ ಬಗ್ಗೆ ಧ್ವನಿಯವನಿಗೂ ಅಣ್ಣಾನಿಗೂ ಇಂದಿಗೂ ಒಮ್ಮತವಿಲ್ಲ. ಗೇಮಿನ ಆ ದಿನದ ಪ್ರತಿಯಲ್ಲಿ, ಗೋದಾಮು ಹೊಕ್ಕ ಮೇಲೆ, ಗಂಟೆಯ ಸದ್ದು ಮೇಕೆಯ ಬದಲು ಮುಕಾದಮನಿಗೆ ಅಂಟಿಕೊಂಡಿತ್ತು. ನಾನು ಆಡುತ್ತಿದ್ದೆ. ಮೇಕೆ ಎದುರಿಗೇ ನಿಂತಿದೆ, ಅದರ ಗಂಟೆ ಅಲ್ಲಾಡುತ್ತಿಲ್ಲ. ಗಂಟೆ ಕೇಳುತ್ತಿರುವುದು ಬೆನ್ನ ಹಿಂದೆ, ನಾನು ಈಗಷ್ಟೇ ದಾಟಿ ಬಂದ ಬಾಗಿಲಿನಿಂದ.

ಆ ಅರೆಕ್ಷಣ ನಾನು ನಾನೇ ಕಟ್ಟಿದ ಶೆಡ್ಡಿನಲ್ಲಿ ಅಂಜಿದೆ.

"ಹಾ ಬಗ್ ಆಹೆ," ಎಂದ ಧ್ವನಿಯವನು, ದೋಷ ತಿದ್ದಲು ಕುರ್ಚಿ ಎಳೆದುಕೊಳ್ಳುತ್ತ.

"ಮುಟ್ಟಬ್ಯಾಡ," ಎಂದೆವು ನಾನೂ ಅಣ್ಣಾನೂ ಒಟ್ಟಿಗೇ.

ಶುಕ್ರವಾರ ಹನ್ನೊಂದಕ್ಕೆ ಅಣ್ಣಾ ಕರೆಸಿದ್ದ ಮೂವರು ಬಂದರು, ಕಾಲೇಜಿನ ಹುಡುಗಿಯರು. ನಾನು ಹಿಂದಿನ ಕೋಣೆಯಲ್ಲಿ ಕೂತು ಪರದೆಯ ನಕಲನ್ನು ನೋಡುತ್ತಿದ್ದೆ. ಕಟ್ಟಿದವರು ಎದುರಿಗಿದ್ದರೆ ಆಡುವವರು ಮರ್ಯಾದೆಗೆ ಅಂಜುತ್ತಾರೆ. ಮೊದಲನೆಯವಳು ಮೇಕೆಯನ್ನು ಕಂಡು ನಕ್ಕಳು. ಬಲಗಡೆ ಮೂರನೆಯ ಮಗ್ಗ ನಿಂತಾಗ ನಗು ನಿಂತಿತು. ಎಡಕ್ಕೆ ತಿರುಗಿ ಬಾಗಿಲು ದಾಟಿದಳು. ಎರಡನೆಯವಳು ಮೇಕೆಯ ಬೆನ್ನು ಸವರಲು ಹೋಗಿ ಓಣಿಯ ನಡುವೆಯೇ ಸಿಕ್ಕಿಬಿದ್ದಳು. ಮೂರನೆಯವಳು ಗೋದಾಮು ಹೊಕ್ಕಳು, ಗಂಟೆ ಕೇಳಿ ಕಂಟ್ರೋಲರ್ ಎಸೆದಳು.

ಅಣ್ಣಾ ನಕ್ಷೆ ನೋಡಿದರು. ಹಿಂದಿನ ಗೋಡೆಗೆ ಒಂದೂ ಚುಕ್ಕೆ ಇಲ್ಲ. ಆದರೂ ಗಲ್ಲ ತುರಿಸಿಕೊಂಡರು.

"ಎರಡು ಮಂದಿ ಮುಟ್ಟಿದ್ರು. ಖರೆ. ಆದ್ರ ಇವರು ದಿವಸಾ ಗೇಮ್ ಆಡೂ ಮಂದಿ. ಒಂದೂ ಆಡಲಾರದವರು ಯಾರರೆ ಬೇಕಾಗಿತ್ತು. ಆಗ ಹೂಂ ಅಂತೇನಿ."

ಆಗಲೇ ಜಿನೆಯ ಮೇಲೆ ಗಟ್ಟಿ ಚಪ್ಪಲಿಯ ಸದ್ದಾಯಿತು. ಉಣ್ಣೆ ಕತ್ತರಿಸುವ ಹಂಗಾಮು ಹತ್ತಿರವಾಗಿತ್ತು. ಮಾಮಾ ತಮ್ಮ ಕತ್ತರಿಗಳಿಗೆ ಸಾಣೆ ಹಿಡಿಸಲು ಕೊಲ್ಹಾಪುರಕ್ಕೆ ಬಂದಿದ್ದರು. ಕೆಳಗಿನ ಮಿಸ್ತ್ರಿಗೆ ಕತ್ತರಿ ಕೊಟ್ಟು, ಅದು ಆಗುವವರೆಗೆ ಸೋದರಸೊಸೆಯನ್ನು ನೋಡಿ ಹೋಗೋಣ ಎಂದು ಮೇಲೆ ಹತ್ತಿದ್ದರು. ಅವರು ಬರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಇದನ್ನು ಯಾರೂ ನಂಬುವುದಿಲ್ಲ, ಅಣ್ಣಾ ಸಹ.

ಅಣ್ಣಾ ಮಾಮಾನನ್ನೇ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಪೇಟ ಬಿಚ್ಚಿಸಿ ಹೆಡ್‌ಫೋನು ಹಾಕಿದರು. ಒಂದೇ ಒಂದು ಗುಂಡಿ ತಿರುಗಿಸಿ ನಡೆಯುವುದನ್ನು ಕಲಿಸಲು ಹತ್ತು ನಿಮಿಷ ಹಿಡಿಯಿತು. ಮಾಮಾ ಮೊದಲು ಎರಡು ಮಗ್ಗಗಳಿಗೆ ಢಿಕ್ಕಿ ಹೊಡೆದರು. ಆಮೇಲೆ ಮೇಕೆ ಕಂಡಿತು.

"ಏ, ನಮ್ಮದ ಐತಲ್ಲ ಇದು!"

ಅವರು ಓಡಲಿಲ್ಲ. ಹೊಲದಲ್ಲಿ ನಡೆಯುವ ಹಾಗೆ ನಡೆದರು. ಬಲಗಡೆ ಒಂದು ಮಗ್ಗ ನಿಂತಿತು, ಇನ್ನೊಂದು ನಿಂತಿತು. ಮಾಮಾ ಬಲಕ್ಕೆ ನೋಡಿದರು. ದೂರದಲ್ಲಿ ಮುಕಾದಮ ಒಂದು ಹೆಜ್ಜೆ ಇಟ್ಟ.

"ಹಾಂ. ಈಗ ಬಂತ ನೋಡ ಭೂತಕ್ಕ ಶಾಣ್ಯಾತನ," ಎಂದು ಎಡಕ್ಕೆ ತಿರುಗಿ, ಮೇಕೆಯ ಹಿಂದೆ ಬಾಗಿಲು ದಾಟಿದರು.

ನೂಲಿನ ರಾಶಿ. ಮೇಕೆ ಎದುರಿಗೆ ನಿಂತಿದೆ. 

ಗಂಟೆ ಹಿಂದೆ ಕೇಳಿತು.

ಮಾಮಾ ಪರದೆಯಲ್ಲಿ ತಿರುಗಲಿಲ್ಲ. ಕುರ್ಚಿಯಲ್ಲಿ ತಿರುಗಿದರು, ಇಡೀ ಮೈ ತಿರುಗಿಸಿ ನಮ್ಮ ಕೋಣೆಯ ನಿಜವಾದ ಬಾಗಿಲನ್ನು ನೋಡಿದರು. ಅದೇ ಕ್ಷಣಕ್ಕೆ ಆ ಬಾಗಿಲಲ್ಲಿ ಲೇಥ್ ಮಿಸ್ತ್ರಿ ಬಂದು ನಿಂತಿದ್ದ, ಎರಡೂ ಕೈಯಲ್ಲಿ ಸಾಣೆ ಹಿಡಿದ ಕತ್ತರಿಗಳು ಹೊಳೆಯುತ್ತ. ಮಾಮಾ ಗಂಟಲಿನಿಂದ ಹಿಂಡು ಕರೆಯುವ ಆ ಸದ್ದನ್ನು ಹೊರಡಿಸಿದರು. ಲೇಥಿಗೆ ನೆಲ ನಡುಗುವುದು ಅದರ ಮುಂದೆ ಏನೂ ಅಲ್ಲ.

"ಏನ್ರಿ ಆತು?" ಎಂದ ಮಿಸ್ತ್ರಿ, ತಾನೂ ಹೌಹಾರಿ.

ಆ ನಗು ನಿಲ್ಲಲು ಎಷ್ಟು ಹೊತ್ತು ಹಿಡಿಯಿತೋ. ಎಲ್ಲರಿಗಿಂತ ಹೆಚ್ಚು ನಕ್ಕವರು ಮಾಮಾ. ಅಣ್ಣಾ ಕಣ್ಣು ಒರೆಸಿಕೊಳ್ಳುತ್ತ ಗೋಡೆಯ ಬಿಳಿ ಹಲಗೆಗೆ ಹೋಗಿ, ಲೆವೆಲ್‌ಗಳ ಪಟ್ಟಿಯಲ್ಲಿ 'ಶೆಡ್' ಎಂಬುದರ ಮುಂದೆ ತಾವೇ ಬರೆದಿದ್ದ ಪ್ರಶ್ನೆಚಿಹ್ನೆಯನ್ನು ಅಂಗೈಯಿಂದ ಅಳಿಸಿದರು. ಶೆಡ್ಡನ್ನು ಬಾವಿ, ದವಾಖಾನೆ ಎರಡಕ್ಕೂ ಮೇಲೆ, ಮೊದಲ ಲೆವೆಲ್ ಮಾಡಿ ಬರೆದರು.

"ಇದೆಲ್ಲಾ ಮಾಮಾಂದ, ಅಣ್ಣಾ," ಎಂದೆ ನಾನು. "ಒಂದ ಬಾಜೂ ತೆರದ ಬಿಡಬೇಕು, ದಾರಿ ತಾನ ಹುಡಕೇನಿ ಅಂತ ಅನಸಬೇಕು ಅಂತ ಅವರ ಹೇಳಿದ್ರು."

ಮಾಮಾ ಪೇಟ ಸುತ್ತುತ್ತಿದ್ದವರು ಕೈ ನಿಲ್ಲಿಸಿದರು.

"ನಾ ಎಲ್ಲಿ ಹೇಳೇನಿ?"

"ಹೊಲದಾಗ. ಬಲಿ ಹಗ್ಗ ಕಟ್ಟಾಕತ್ತಿದ್ದಿ."

"ಇಲ್ಲವಾ. ನಾ ಏನೂ ಹೇಳಿಲ್ಲ. ನೀನ ಹುಡಕಿದಿ."

ನಾನು ಚೀಲದಿಂದ ದಿನಚರಿ ತೆಗೆದೆ. ರವಿವಾರದ ಎಡಪುಟದಲ್ಲಿ ಹೀಗಿದೆ: 'ಹಿಂದೆ ನಿಂತೆ. ಎರಡು ಕಬ್ಬಿನೊಳಗೆ. ಮಾಮಾ ನಕ್ಕರು. ಮೊಣಕೈ ಹಿಡಿದು ಬಲಕ್ಕೆ ನಿಲ್ಲಿಸಿದರು. ಮುಂದೆ ಮೇಕೆ. ಎಲ್ಲವೂ ಒಳಗೆ. ಮಾಮಾ ಏನೂ ಹೇಳಲಿಲ್ಲ.' ಒಂದು ಬಾಜೂ ತೆರೆದು ಬಿಡಬೇಕು ಎಂಬ ಮಾತು ಇದೆ. ಬಲಪುಟದಲ್ಲಿದೆ.

ಹಗ್ಗದ ಗಂಟು, ಕಬ್ಬಿನ ತುದಿಯ ಸೂರ್ಯ, ಬೆನ್ನು ಹಾಕಿ ಆಡಿದ ಆ ಮಾತು, ಎಲ್ಲವನ್ನೂ ನಾನೇ ಸೋಮವಾರದಿಂದ ಶುಕ್ರವಾರದೊಳಗೆ ಎಲ್ಲೋ ಕಟ್ಟಿಕೊಂಡಿದ್ದೆನೇ? ಇರಬಹುದು, ಕಟ್ಟುವುದೇ ನನ್ನ ಕೆಲಸ. ಪುಸ್ತಕ ಮುಚ್ಚಿ ತಲೆಯೆತ್ತಿದೆ. ಮಾಮಾ ಪೇಟ ಸುತ್ತಿ ಮುಗಿಸಿ, ಕತ್ತರಿ ಕಂಕುಳಲ್ಲಿಟ್ಟುಕೊಂಡು, ಮೀಸೆಯೊಳಗೆ ನಗುತ್ತ ನಿಂತಿದ್ದರು.

ಅವರು ನಿಂತದ್ದು ನನ್ನ ಬಲಗಡೆ, ಭುಜಕ್ಕೆ ಸರಿಯಾಗಿ. ಇದನ್ನು ಎಡಪುಟದಲ್ಲಿ ಬರೆದಿದ್ದೇನೆ.